ವಕೀಲರ ಅಂಗಳದ ವಿಲಾಯತಿ ಹೂ

೬ ಸೆಪ್ಟೆಂಬರ್ ೧೯೪೨

ಗಂಡ ಜೈಲಿನಲ್ಲಿದ್ದಾನೆ, ಹೆಂಡತಿ ಹೂವಿನ ಬೀಜ ಹಾಕುತ್ತಿದ್ದಾಳೆ. ಇದನ್ನು ಯಾರ ಮುಂದಾದರೂ ಆಡಿದರೆ ಮನೆಯ ಮರ್ಯಾದೆ ಹೋಗುತ್ತದೆ. ಆಡದಿದ್ದರೆ ನನ್ನ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪೊಲೀಸರು ಮಾಧುವನ್ನು ಒಯ್ದದ್ದು ಹೋದ ತಿಂಗಳು. ಊರಿಗೆ ಅವನು ವಕೀಲ ಬಿಂದುಮಾಧವರಾಯ. ನನಗೆ, ಅವ್ವ ಹೋದ ಮೇಲೆ ನಾನೇ ತೊಡೆಯ ಮೇಲೆ ಕೂಡಿಸಿಕೊಂಡು ಅನ್ನ ಉಣಿಸಿದ ತಮ್ಮ. ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಈ ಸರಕಾರದ ನ್ಯಾಯಾಧೀಶರ ಮುಂದೆ ಇನ್ನು ಬಾಯಿ ತೆರೆಯುವುದಿಲ್ಲ ಎಂದು ಭಾಷಣ ಮಾಡಿದ. ಅಲ್ಲೇ ಹಿಡಿದರು. ನಮ್ಮ ಮಾಳಮಡ್ಡಿಯ ಜನವೆಲ್ಲ ಬೀದಿಗೆ ಬಂದು ಜಯಕಾರ ಹಾಕಿತು. ಶಾಲೆಯಲ್ಲಿ ಹುಡುಗಿಯರು ನನಗೆ ನಮಸ್ಕಾರ ಮಾಡಲು ಸಾಲುಗಟ್ಟಿದರು. ನಾನು ಅಳಲಿಲ್ಲ, ಹೆಮ್ಮೆಗೆ. ಅವನ ಹೆಂಡತಿ ಇಂದುವೂ ಅಳಲಿಲ್ಲ. ಯಾಕೆಂದು ಈವತ್ತು ತಿಳಿಯಿತು: ಆಕೆಗೆ ಬೇರೆ ಕೆಲಸವಿತ್ತು.

ಒಡೆದ ಬೋಗುಣಿ, ತುಕ್ಕು ಹಿಡಿದ ಚಿಮಣಿ ಎಣ್ಣೆಯ ಡಬ್ಬಿ, ಎಲ್ಲದರಲ್ಲೂ ಸಾಣಿಸಿದ ಮಣ್ಣು, ಬೂದಿ. ಅದರ ಮೇಲೆ ಚಿಟಿಕೆ ಚಿಟಿಕೆಯಾಗಿ ಬೀಜ ಉದುರಿಸುತ್ತ ಕೂತಿದ್ದಳು, ದೇವರಿಗೆ ಅಕ್ಷತೆ ಹಾಕುವಷ್ಟು ಭಕ್ತಿಯಿಂದ.

"ಏನಿದು?" ಎಂದೆ.

"ಝಿನಿಯಾ ಅಕ್ಕಾ. ಆ ಕಡೆದ್ದು ಫ್ಲಾಕ್ಸ್, ಕಾಸ್ಮಾಸ್. ಈಗ ಹಾಕಲಿಲ್ಲಂದ್ರ ಚಳಿಗಾಲಕ್ಕ ಹೂವು ಬರೂದಿಲ್ಲ."

"ಮಾಧು ಒಳಗ ಇದ್ದಾನ, ನಿನಗ ಹೂವಿಂದು ಬಿದ್ದದ?"

"ಅವರು ಒಳಗ ಇದ್ದಾರಂತ ಹಂಗಾಮು ನಿಲ್ಲತದೇನ್ರಿ?"

ಈಕೆ ಹೀಗೇ. ಸ್ಟೇಶನ್ ಮಾಸ್ತರರ ಮಗಳು. ದಿನಕ್ಕೊಂದು ಗಾಡಿ ನಿಲ್ಲುವ ಊರುಗಳಲ್ಲಿ ಬೆಳೆದವಳು. ಅಂಥಲ್ಲಿ ಹೊತ್ತು ಹೋಗದೆ ಪ್ಲಾಟ್‌ಫಾರ್ಮಿನ ಅಂಚಿಗೆ ಹೂವು ಬೆಳೆಸುತ್ತಿದ್ದರಂತೆ. ಚಂದ ಬೆಳೆಸಿದವರಿಗೆ ರೈಲು ಕಂಪನಿಯ ಸಾಹೇಬರು ಶಾಬಾಸ್ ಅನ್ನುತ್ತಿದ್ದರಂತೆ. ಆ ಶಾಬಾಸ್ ಇನ್ನೂ ಇವಳ ತಲೆಯಿಂದ ಇಳಿದಿಲ್ಲ.

ಹೆಸರು ನಮ್ಮ ಬಾಯಿಗೆ ಬಾರದು, ವಾಸನೆ ಮೂಗಿಗೆ ಬಾರದು. ದೇವರಿಗೆ ಏರುವುದಿಲ್ಲ, ಹೆರಳಿಗೆ ನಿಲ್ಲುವುದಿಲ್ಲ. ನಾಲ್ಕು ತಿಂಗಳು ಕುಣಿದು ಬೇರುಸಹಿತ ಸಾಯುವ ಗಿಡಗಳು. ಹೂವಿಗೂ ನನಗೂ ಸಂಬಂಧ ಹರಿದು ಇಪ್ಪತ್ತು ವರ್ಷವಾದರೂ ಮಲ್ಲಿಗೆ ಯಾವುದು, ಮೋಸ ಯಾವುದು ಎಂದು ನನಗೆ ಗೊತ್ತಾಗುತ್ತದೆ.

೨೪ ಸೆಪ್ಟೆಂಬರ್

ಮೆಂತ್ಯದ ಪಾತಿ ಹೋಯಿತು. ಬದನೆಯೂ ಹೋಯಿತು. ಸರಕಾರ ಊರೆಲ್ಲ ಡಂಗುರ ಹೊಡೆಸಿ ಕಾಯಿಪಲ್ಲೆ ಬೆಳೆಯಿರಿ ಅನ್ನುತ್ತಿದೆ, ಪೇಟೆಯಲ್ಲಿ ಅಕ್ಕಿ ಸಿಗುವುದಿಲ್ಲ, ನಮ್ಮ ಮನೆಯಲ್ಲಿ ಬದನೆ ಕಿತ್ತು ಕಾಸ್ಮಾಸ್ ನೆಡುತ್ತಾರೆ. ಸರಕಾರದ ಮಾತು ಕೇಳಬಾರದೆಂಬ ಪಣವಿದ್ದರೆ ಅದನ್ನು ಬದನೆಕಾಯಿಯ ಮೇಲೆ ತೀರಿಸಬೇಕೇ?

ಸಂಜೆ ರಮಾಕಾಂತರು ಬಂದಿದ್ದರು. ಮಾಧುವಿನ ಜೊತೆಗೆ ವಕೀಲಿ ಮಾಡುವವರು. ಅವನಿಗಿಂತ ಉದ್ದ ಭಾಷಣ ಮಾಡುವವರು. ಹಿಡಿಯುವ ದಿನ ಮಾತ್ರ ಅವರಿಗೆ ಹುಬ್ಬಳ್ಳಿಯಲ್ಲಿ ಕೆಲಸವಿತ್ತು. ಗೇಟಿನಲ್ಲಿ ನಿಂತು ಪಾತಿ ನೋಡಿದರು, ತಲೆಯಾಡಿಸಿದರು.

"ವಿಲಾಯತಿ ಅರಿವಿ ಸುಟ್ಟ ಮನ್ಯಾಗ ವಿಲಾಯತಿ ಹೂವು! ಸುಲಭಾಬಾಯಿ, ನೀವು ಶಿಕ್ಷಕಿ ಇದ್ದೀರಿ. ನೀವರ ಒಂದು ಮಾತು ಹೇಳಬೇಕು."

"ಹೇಳೇನಿ. ಕಲ್ಲಿಗೆ ಹೇಳಿದ್ರ ಕರಗೀತು," ಎಂದೆ.

ಇಂದು ಅಲ್ಲೇ ಕೈಗೆ ಮಣ್ಣು ಮೆತ್ತಿಕೊಂಡು ಕೂತಿದ್ದಳು. ಕೇಳಿಸಿಕೊಂಡಳು. "ಚಹಾ ಮಾಡ್ಲೇನ್ರಿ?" ಅಂದಳು, ಅಷ್ಟೇ. ಸಕ್ಕರೆ ಇರಲಿಲ್ಲ, ಬೆಲ್ಲದ ಚಹಾ. ರಮಾಕಾಂತರು ಎರಡು ಕಪ್ಪು ಕುಡಿದು ದೇಶದ ಬಗ್ಗೆ ಮಾತಾಡಿ ಹೋದರು. ಸರಿಯಾಗಿಯೇ ಮಾತಾಡುತ್ತಾರೆ.

ನಮ್ಮ ಮನೆಯ ಮೇಲೆ ಕಣ್ಣಿಡಲು ಒಬ್ಬ ಪೊಲೀಸನನ್ನು ಹಾಕಿದ್ದಾರೆ, ಲಕ್ಕಪ್ಪ ಎಂದು. ದಿನವಿಡೀ ಎದುರಿನ ಕಟ್ಟೆಯ ಮೇಲೆ ಕೂತಿರುತ್ತಾನೆ. ಎರಡು ಹೆಂಗಸರು ಜಗಳಾಡುವುದನ್ನು ನೋಡಲು ಪಗಾರ ಕೊಡುವ ಸರಕಾರ ಹೆಚ್ಚು ದಿನ ಬಾಳಲಾರದು.

೧೫ ಅಕ್ಟೋಬರ್

ಇಂದುವಿಗೆ ಚಳಿಜ್ವರ. ಎರಡು ಕಂಬಳಿ ಹೊದ್ದು ನಡುಗುತ್ತ ಕೇಳಿದ್ದು ಏನು? ಗಂಡನ ಕಾಗದ ಬಂತೇ ಎಂದಲ್ಲ. "ಸಸಿಗೋಳಿಗೆ ನೀರು?"

ಹಾಕಿದೆ. ಪ್ರೀತಿಗಲ್ಲ. ಪಾಠ ಬಾರದೆ ತಲೆ ತಗ್ಗಿಸಿ ನಿಂತ ಹುಡುಗಿಯರನ್ನು ದಿನವೆಲ್ಲ ಶಾಲೆಯಲ್ಲಿ ನೋಡುತ್ತೇನೆ. ಮನೆಗೆ ಬಂದ ಮೇಲೂ ಅದೇ ನೋಟವೆಂದರೆ ಸಹಿಸುವುದಿಲ್ಲ. ಬಾವಿಯಿಂದ ಕೊಡ ಎತ್ತಿ ಎತ್ತಿ ನಡು ನೋಯುತ್ತಿದೆ.

ಆಕೆ ಹಾಸಿಗೆಯಿಂದಲೇ ಹುಕುಂ ಮಾಡುತ್ತಾಳೆ. "ಅಕ್ಕಾ, ಎಲಿ ಮ್ಯಾಲೆ ಹಾಕಬ್ಯಾಡ್ರಿ, ಬುಡಕ್ಕ. ಝಿನಿಯಾ ಒಂದು ಗೇಣಾಗಿದ್ರ ತುದಿ ಚಿವುಟ್ರಿ."

"ಚಿವುಟಿದ್ರ ಸಾಯೂದಿಲ್ಲೇನು?"

"ಬಾಜೂಕ ಕವಲು ಒಡೀತಾವ. ಇಲ್ಲಂದ್ರ ನೆಟ್ಟಗ ಬೆಳದು ಒಂದ ಹೂವು ಬಿಟ್ಟು ಮುಗಿಸಿಬಿಡ್ತಾವ."

ಚಿವುಟುವ ಕೆಲಸ ನನಗೆ ಒಗ್ಗಿತು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಚಿವುಟಿದೆ, ಮನಸ್ಸಿಗೆ ಹಗುರಾಯಿತು. ಲಕ್ಕಪ್ಪ ಕಟ್ಟೆಯಿಂದ ಕೂಗಿದ: "ಅಕ್ಕಾರ, ಅಷ್ಟ್ಯಾಕ ಸಿಟ್ಟು ಮಾಡಾಕತ್ತೀರಿ ಅದರ ಮ್ಯಾಲೆ?" ನಿನ್ನ ಕೆಲಸ ನೀ ನೋಡು ಎಂದೆ. ಇದೇ ನನ್ನ ಕೆಲಸರಿ ಎಂದ. ಅದೂ ನಿಜ.

೨೨ ಅಕ್ಟೋಬರ್

ಹುಳ. ಹಸಿರು, ಬೆರಳುದ್ದ. ರಾತ್ರಿ ಮೇಯುತ್ತವೆ, ಹಗಲು ಎಲೆಯಡಿ ಸಭ್ಯರಂತೆ ಮಲಗುತ್ತವೆ. ಶಾಲೆಗೆ ಹೋಗುವ ಮೊದಲು ಆರಿಸಿ ಹಾಕಿದೆ. ಇಂದುವಿಗೆ ಜ್ವರ ಬಿಟ್ಟಿದೆ, ಆದರೆ ಆಕೆಗೆ ಹುಳ ಮುಟ್ಟಲು ಹೇಸಿಗೆಯಂತೆ. ತೋಟಗಾರಳು!

೧೮ ನವೆಂಬರ್

ಅರಳಿವೆ. ಒಪ್ಪುತ್ತೇನೆ, ಅರಳಿವೆ, ಗೇಟಿನಾಚೆಯಿಂದ ಯಾರಿಗೂ ಕಾಣದಿರಲು ಸಾಧ್ಯವೇ ಇಲ್ಲ. ನಾಚಿಕೆಯೆಂಬುದಿಲ್ಲ ಈ ಹೂವುಗಳಿಗೆ. ಕುಂಕುಮ, ಕೇಸರಿ, ಲಗ್ನದ ಮನೆಯ ಹಳದಿ, ಒಂದು ಗುಲಾಬಿ ಬಣ್ಣದ್ದಂತೂ ಬೊಂಬಾಯಿಯ ರಿಬ್ಬನ್ನಿನ ಅಂಗಡಿಯಿಂದ ಓಡಿಬಂದಂತೆ. ಕಾಸ್ಮಾಸ್ ಮಾತ್ರ ತೆಳ್ಳಗೆ, ಬಿಳಿ, ಗಾಳಿ ಬೀಸಿದರೆ ಎಲ್ಲ ಒಟ್ಟಿಗೆ ತಿರುಗುತ್ತವೆ. ಬೆಳಿಗ್ಗೆ ಅದನ್ನು ನೋಡುತ್ತ ನಿಂತು ಶಾಲೆಗೆ ಓಡುತ್ತ ಹೋಗಬೇಕಾಯಿತು. ಮನುಷ್ಯರ ಹೊತ್ತು ಹಾಳುಮಾಡುವ ಗಿಡಗಳು ಎಂದು ಮೊದಲೇ ಹೇಳಿದ್ದೆ.

ಸಂಜೆ ಬರುವಾಗ ಓಣಿಯ ಹೆಂಗಸರು ಗೇಟಿನ ಹತ್ತಿರ ಗುಂಪಾಗಿದ್ದರು. ನಾನು ಬಂದದ್ದು ಗೊತ್ತಾಗಲಿಲ್ಲ.

"ಗಂಡ ಒಳಗ ಜ್ವಾಳದ ಗಂಜಿ ಕುಡೀಲಿಕ್ಕತ್ತಾನ, ಈಕೀದು ನೋಡ್ರಿ ಬಣ್ಣಾ!"

"ಮನಸಿನ್ಯಾಗ ಇದ್ದದ್ದು ಅಂಗಳದಾಗ ಅರಳತದ."

ನಾನು ಗೇಟು ತೆಗೆದೆ. "ಹೂವು ನೋಡಲಿಕ್ಕೆ ಬಂದೀರೇನು? ನೋಡ್ರಿ. ಹುಳಾ ಆರಿಸೂ ಮುಂದ ಒಬ್ಬರೂ ಬಂದಿದ್ದಿಲ್ಲ."

ಗುಂಪು ಕರಗಿತು. ಇದೇ ಹೆಂಗಸರು ಮಾಧುವಿಗೆ ಆರತಿ ಎತ್ತಿದ್ದರು. ಆರತಿ ಎತ್ತಲು ಕೈ ಇದ್ದರೆ ಸಾಕು, ತಲೆ ಬೇಕಿಲ್ಲ. ಅವರು ಇಂದುವಿನ ಬಗ್ಗೆ ಅಂದದ್ದು ಸುಳ್ಳೆಂದು ನನ್ನ ವಾದವಲ್ಲ. ಆದರೆ ಅನ್ನಲು ಅವರಿಗೆ ಏನು ಅಧಿಕಾರ?

೧೩ ಡಿಸೆಂಬರ್

ಭೇಟಿಗೆ ಅಪ್ಪಣೆ ಸಿಕ್ಕಿತು. ನಿನ್ನೆ ಗಾಡಿಗೆ ಬೆಳಗಾವಿ ಜೈಲಿಗೆ ಹೋಗಿ ಮಾಧುವನ್ನು ನೋಡಿಬಂದೆವು.

ನಾನು ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡಿದ್ದೆ: ಊರು ಅವನ ಹೆಸರು ಹೇಳುತ್ತದೆ, ಹುಡುಗಿಯರು ಅವನ ಚಿತ್ರ ಬರೆದಿದ್ದಾರೆ. ಇಂದು ಪತ್ರಿಕೆಯ ಕಾಗದದಲ್ಲಿ ಹೂವು ಸುತ್ತಿ ತಂದಿದ್ದಳು. ಬಾಗಿಲಲ್ಲೇ ಪಹರೆಯವರು ತೆಗೆದಿಟ್ಟುಕೊಂಡರು. ಹೂವಿನಿಂದ ರಾಜ್ಯ ಉರುಳುತ್ತದೆಯೇ?

ತಂತಿಯ ಜಾಳಿಗೆಯ ಆಚೆ ಮಾಧು ಬಂದ. ಅಂಗಿ ಬೇರೆಯವರದ್ದಿರಬೇಕು ಅನ್ನಿಸಿತು, ಅಷ್ಟು ಸಡಿಲ. ಕೆಮ್ಮುತ್ತಾನೆ. ನಾನು ಜೋಡಿಸಿದ್ದೆಲ್ಲ ಹೇಳಿದೆ. ಕೇಳಿದ. ಆಮೇಲೆ ಇಂದುವಿನ ಕಡೆ ತಿರುಗಿ, "ಈ ಸಲ ಯಾವ್ಯಾವ ಬಣ್ಣಾ ಬಂದಾವ?" ಎಂದ.

ಆಕೆ ಒಂದೊಂದಾಗಿ ಹೇಳತೊಡಗಿದಳು. ಬಾವಿಯ ಹತ್ತಿರ ಕೇಸರಿ, ಗೇಟಿನ ಎಡಕ್ಕೆ ಬಿಳಿ, ನಡುವೆ ಎರಡು ಬಣ್ಣ ಕೂಡಿದ್ದು ಒಂದು ಹೊಸದು. ಕೊಟ್ಟ ಹೊತ್ತೆಲ್ಲ ಇದರಲ್ಲೇ ಹೋಯಿತು. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಕೆನ್ನೆಯ ಮೇಲೆ ನೀರು. ಜೈಲಿನ ಹೊಗೆಗೆ ಕಣ್ಣು ಕೆಟ್ಟಿರಬೇಕು. ದೇಶಕ್ಕಾಗಿ ಹೋದವನು ಪಾತಿಯ ಸುದ್ದಿಗೆ ಅಳುವುದಿಲ್ಲ.

ಬರುವಾಗ ಗಾಡಿಯಲ್ಲಿ ನಾನು ಇಂದುವಿಗೆ, "ಗೇಟಿನ ಎಡಕ್ಕ ಬಿಳೇದಲ್ಲ, ನಸುಗೆಂಪು. ತಪ್ಪು ಹೇಳಿದಿ," ಎಂದೆ. ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅತ್ತದ್ದು ಆಗ ನೋಡಿದೆ. ಮೊದಲ ಸಲ.

೨೭ ಜನವರಿ ೧೯೪೩

ಬರೆಯಲು ಕೈ ಬರುವುದಿಲ್ಲ.

ಮಾಧು ಮಾಫಿ ಬರೆದುಕೊಟ್ಟಿದ್ದಾನೆ. ಇನ್ನು ಚಳವಳಿಗೆ ಸೇರುವುದಿಲ್ಲ ಎಂದು ಸಹಿ ಮಾಡಿದ್ದಾನೆ. ಬಿಡುಗಡೆ.

ಸುದ್ದಿ ತಂದವರು ರಮಾಕಾಂತರು. ಈ ಸಲ ಒಳಗೆ ಬರಲಿಲ್ಲ, ಗೇಟಿನ ಹೊರಗೇ ನಿಂತರು. "ಸ್ಟೇಶನ್ನಿಗೆ ಯಾರೂ ಬರೂದಿಲ್ಲ, ಸುಲಭಾಬಾಯಿ. ನೀವೂ ಹೋಗಬ್ಯಾಡ್ರಿ. ಉಳಿದಷ್ಟು ಮಾನ ಉಳಸ್ಕೋರಿ."

ಇಂದು ಕೇಳಿದ್ದು: "ಯಾವ ಗಾಡಿಗೆ ಬರ್ತಾರಂತ್ರಿ?"

ಸತ್ತಿದ್ದರೆ ಚೆನ್ನಾಗಿತ್ತು ಎಂದುಕೊಂಡೆ. ನಾನೋ, ಅವನೋ ಎಂದು ನನಗೂ ತಿಳಿಯಲಿಲ್ಲ.

೩೦ ಜನವರಿ

ಬಂದ. ನಾನು ಸ್ಟೇಶನ್ನಿಗೆ ಹೋಗಲಿಲ್ಲ. ಶಾಲೆ ಬಿಟ್ಟ ಮೇಲೂ ಕೂತು ತಿದ್ದುವ ಪಾಟಿ ಇಲ್ಲದಿದ್ದರೂ ತಿದ್ದಿದೆ. ಮನೆಗೆ ಬಂದಾಗ ಅಂಗಳದಲ್ಲಿ ಇಂದು ಅವನನ್ನು ಕುರ್ಚಿ ಹಾಕಿ ಕೂಡಿಸಿದ್ದಳು, ಹೂವುಗಳ ನಡುವೆ, ಶಾಲು ಹೊದಿಸಿ. ಅವನು ಎದ್ದು ನಿಂತ. "ಅಕ್ಕಾ."

ನಾನು ಒಳಗೆ ಹೋದೆ.

ಲಕ್ಕಪ್ಪನನ್ನು ಕಟ್ಟೆಯಿಂದ ತೆಗೆದಿದ್ದಾರೆ. ಈಗ ಈ ಮನೆಯಲ್ಲಿ ಕಾಯುವಂಥದ್ದು ಏನೂ ಇಲ್ಲವೆಂದು ಸರಕಾರಕ್ಕೂ ಗೊತ್ತಾಗಿದೆ.

೨ ಫೆಬ್ರುವರಿ

ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿ ಮಾಧುವಿನ ಚಿತ್ರವನ್ನು ಶಾಲೆಯ ಗೋಡೆಯಿಂದ ತೆಗೆದು ಕಸದ ಬುಟ್ಟಿಗೆ ಹಾಕಿದ್ದಾಳೆ. ಹೋಗಲಿ. ಮೂಗಾದರೂ ಸರಿಯಾಗಿ ಬರೆದಿರಲಿಲ್ಲ.

ಮನೆಯಲ್ಲಿ ಅವನೊಡನೆ ಇನ್ನೂ ಮಾತಾಡಿಲ್ಲ.

೬ ಫೆಬ್ರುವರಿ

ಈವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಹಾಲಿನವಳು ಕೂಗಿಕೊಂಡಳು. ಹೊರಗೆ ಬಂದೆ. ಕಂಪೌಂಡಿನ ಗೋಡೆಯ ಮೇಲೆ ಡಾಂಬರಿನಲ್ಲಿ 'ಮಾಫಿ ವಕೀಲ' ಎಂದು ಬರೆದಿತ್ತು. ಅಂಗಳದಲ್ಲಿ ಒಂದು ಸಾಲು ಉಳಿದಿರಲಿಲ್ಲ. ತುಳಿದಿದ್ದರು, ಕಿತ್ತಿದ್ದರು, ಕಿತ್ತದ್ದನ್ನು ಬಾವಿಯ ಕಟ್ಟೆಗೆ ಬಡಿದಿದ್ದರು. ಕಾಸ್ಮಾಸ್ ನೆಲಕ್ಕೆ ಮಲಗಿತ್ತು. ನಾನು ಚಿವುಟಿದ್ದ, ನಾನು ಹುಳ ಆರಿಸಿದ್ದ ಝಿನಿಯಾಗಳ ಮೇಲೆ ಬೂಟಿನ ಗುರುತು. ಬೂಟು! ಚಪ್ಪಲಿಯೂ ಅಲ್ಲ. ದೇಶಭಕ್ತರು ಬೂಟು ಹಾಕಿಕೊಂಡು ಬಂದಿದ್ದರು.

ಮಾಧು ಬಾಗಿಲಲ್ಲಿ ನಿಂತಿದ್ದ. ಇಂದು ಒಂದು ಗಿಡ ಎತ್ತಿ ಬೇರು ನೋಡಿ ಮತ್ತೆ ಇಟ್ಟಳು. ಇಂಥ ಹೊತ್ತಿಗೆ ಈ ಮನೆಯಲ್ಲಿ ಬಾಯಿ ಇರುವುದು ನನಗೊಬ್ಬಳಿಗೇ.

ಸೀರೆ ಬದಲಿಸದೆ ನೇರ ರಮಾಕಾಂತರ ಮನೆಗೆ ನಡೆದೆ. ಅವರು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು.

"ಕೇಳಿದೆ," ಎಂದರು. "ಆಗಬಾರದಿತ್ತು. ಆದರ ಹುಡುಗರ ರಕ್ತ ಬಿಸಿ ಇರ್ತದ. ಜನರ ಭಾವನಾಕ್ಕ ಪೆಟ್ಟು ಬಿದ್ದದ."

"ಭಾವನಾಕ್ಕ ಪೆಟ್ಟು ಬಿದ್ರ ಹೆಣ್ಮಕ್ಕಳು ಹಚ್ಚಿದ ಗಿಡಾ ತುಳೀತಾರೇನ್ರಿ?"

"ವಿಲಾಯತಿ ಹೂವು ಅವು, ಬಾಯಿ. ನಿಮಗೂ ಸೇರ್ತಿದ್ದಿಲ್ಲ."

"ನಿಮ್ಮ ಕಿಸೇದಾಗಿನ ಪೆನ್ನು ಎಲ್ಲೀದ್ರಿ? ಗರಗದ ಖಾದಿ ಮಗ್ಗದಾಗ ನೇದದ್ದೇನು?"

ಅವರ ಕೈ ಕಿಸೆಗೆ ಹೋಯಿತು. ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲ ಹಿಂದೆ ನಿಂತಳು. ನಿಲ್ಲಲಿ ಎಂದು ದನಿ ಏರಿಸಿದೆ.

"ಮಾಧು ಸಹಿ ಮಾಡಿದ. ಖರೇ. ನನಗ ಹೊಟ್ಯಾಗ ಬೆಂಕಿ ಬಿದ್ದದ. ಆದರ ಅವ ಒಳಗ ಇದ್ದು, ಕೆಮ್ಮು ಹಚ್ಚಿಕೊಂಡು, ಮುರದು ಬಂದಾನ. ನೀವು ಒಂದು ಮಧ್ಯಾಹ್ನ ಲಾಕಪ್ಪಿನ್ಯಾಗ ಕೂತು ಬರ್ರಿ. ಆಮ್ಯಾಲೆ ಭಾವನಾದ ಮಾತಾಡೋಣು."

ಉತ್ತರಕ್ಕೆ ಕಾಯಲಿಲ್ಲ. ಅಂಥವರ ಬಳಿ ಉತ್ತರ ಬಹಳ ಇರುತ್ತವೆ, ಕೇಳುತ್ತ ಕೂತರೆ ಊಟದ ಹೊತ್ತಾಗುತ್ತದೆ.

ತಿರುಗಿ ಬಂದಾಗ ಮಾಧು ಪಾತಿಯಲ್ಲಿ ಮೊಣಕಾಲೂರಿ ಕೂತಿದ್ದ. ಬೇರು ಹರಿಯದ ಗಿಡಗಳನ್ನು ಆರಿಸಿ ಮತ್ತೆ ನೆಡುತ್ತಿದ್ದ. ಎಲ್ಲವನ್ನೂ ತಪ್ಪು ನೆಡುತ್ತಿದ್ದ, ಕುತ್ತಿಗೆಯವರೆಗೆ ಹುಗಿದು.

"ಅಷ್ಟು ಆಳ ಬ್ಯಾಡೋ, ಕೊಳೀತದ," ಎಂದೆ.

ತಲೆ ಎತ್ತಿದ. ನಾನೂ ಆಗಲೇ ಮಾತಾಡಿಬಿಟ್ಟಿದ್ದೆ, ಇನ್ನೇನು ಮಾಡುವುದು? ಸೀರೆಯ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಮಣ್ಣು ಕೆದರಿದೆವು.

"ನನ್ನ ಬಾಜೂಕ ಮಲಗತಿದ್ದ ಮುದುಕ ಸತ್ತ, ಅಕ್ಕಾ," ಎಂದ. "ಅವನೂ ಹಿಂಗ ಕೆಮ್ಮತಿದ್ದ. ಮರುದಿವ್ಸ ಮಾಫಿ ಕಾಗದ ಕೇಳಿದೆ. ನನಗ ಆಗಲಿಲ್ಲ."

ನಾನು ಒಂದು ಗಿಡದ ಬುಡಕ್ಕೆ ಮಣ್ಣು ಒತ್ತಿದೆ.

"ಸಿಟ್ಟು ಹೋತೇನು?"

"ಇಲ್ಲ," ಎಂದೆ. "ಹೋಗೂದೂ ಇಲ್ಲ. ಆದರ ನಿನ್ನ ಮ್ಯಾಲೆ ಸಿಟ್ಟು ಮಾಡಲಿಕ್ಕೆ ನಾ ಒಬ್ಬಾಕಿ ಸಾಕು. ಊರು ಬ್ಯಾಡ."

ಅವನು ನಕ್ಕನೋ ಕೆಮ್ಮಿದನೋ. ಇಂದು ಬಂದು ನೋಡಿ, ನಾನು ನೆಟ್ಟ ಸಾಲನ್ನು ಬಿಟ್ಟು ಅವನು ನೆಟ್ಟದ್ದನ್ನೆಲ್ಲ ಕಿತ್ತು ಮತ್ತೆ ನೆಟ್ಟಳು.

೨೨ ಫೆಬ್ರುವರಿ

ಉಳಿದದ್ದು ಸ್ವಲ್ಪವೇ. ಇಂದು ಬೇಸಿಗೆಗೆ ಮತ್ತೆ ಝಿನಿಯಾ ಬಿತ್ತುತ್ತಾಳಂತೆ. ಕೆಂಪಿನ ಮಗ್ಗುಲಿಗೆ ಕೇಸರಿ ಇಡುತ್ತೇನೆ ಎಂದಳು. ಬೆಳಿಗ್ಗೆಯೇ ಜಗಳವಾಯಿತು. ಕೆಂಪಿಗೆ ಬಿಳಿಯೇ ಬೇಕು. ಕಣ್ಣಿದ್ದವರಿಗೆ ಯಾರಿಗಾದರೂ ತಿಳಿಯುತ್ತದೆ. ಬಣ್ಣದ ವಿಷಯದಲ್ಲಿ ಆಕೆಗೆ ಏನೇನೂ ಬುದ್ಧಿಯಿಲ್ಲ. ಇನ್ನು ಮುಂದೆ ನಾನೇ ನೋಡಿಕೊಳ್ಳಬೇಕು.

ಮಾಧು ಬಿಡುಗಡೆಯಾದ ಮೇಲೆ ಈವತ್ತು ಮೊದಲ ಸಲ ಕೋರ್ಟಿಗೆ ಹೋಗಬೇಕಿತ್ತು. ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತವನು ಅಲ್ಲೇ ನಿಂತ. ನಾನು ಕೊಡೆ ತೆಗೆದುಕೊಂಡೆ. "ನಡಿ. ನನ್ನ ದಾರೀನೂ ಆ ಕಡೇನ ಅದ," ಎಂದೆ. ನನ್ನ ಶಾಲೆ ವಿರುದ್ಧ ದಿಕ್ಕಿಗಿದೆ, ಅವನಿಗೂ ಗೊತ್ತು.

ಬೀದಿಯಲ್ಲಿ ಎದುರು ಬಂದವರು ಪಕ್ಕದ ಗೋಡೆಯನ್ನು ಈವತ್ತೇ ಕಂಡವರಂತೆ ನೋಡಿದರು. ಕೋರ್ಟಿನ ಅಂಗಳದಲ್ಲಿ ವಕೀಲರ ಗುಂಪು ಮಾತು ನಿಲ್ಲಿಸಿತು. ರಮಾಕಾಂತರು ಅಲ್ಲಿದ್ದರು, ಕಿಸೆಯಲ್ಲಿ ಪೆನ್ನು ಇರಲಿಲ್ಲ. ಮಾಧುವಿನ ಹೆಜ್ಜೆ ನಿಧಾನವಾಯಿತು. ಅವನ ತೋಳು ಹಿಡಿದೆ.

ಆಗ ಬೇವಿನ ಮರದ ಕೆಳಗಿನಿಂದ ಒಬ್ಬ ರೈತ ಎದ್ದು ಬಂದ. ಹೆಸರು ಹೊಳೆಯಪ್ಪ ಅಂತ, ಮಾಧುವಿನ ಹಳೆಯ ಕಕ್ಷಿದಾರ, ಹೊಲದ ಬದುವಿನ ಖಟ್ಲೆ.

"ವಕೀಲರ, ಬಂದ್ರ್ಯಾ? ನನ್ನ ಖಟ್ಲೆ ಹಂಗ ಬಿದ್ದೈತ್ರಿ."

ಮಾಧು ಹೇಳಿದ, ಎಲ್ಲರಿಗೂ ಕೇಳುವಂತೆ: "ಹೊಳೆಯಪ್ಪಾ, ನಾ ಮಾಫಿ ಬರದುಕೊಟ್ಟು ಬಂದೇನಿ. ಗೊತ್ತದ ಏನು?"

"ಗೊತ್ತೈತ್ರಿ. ಬದುವಿಂದು ಏನ್ಮಾಡೂದು ಹೇಳ್ರಿ."

ಸ್ವಾರ್ಥಿ ಮನುಷ್ಯ. ಬದುವಿನಾಚೆ ಅವನಿಗೆ ಪ್ರಪಂಚವೇ ಇಲ್ಲ. ಇಬ್ಬರೂ ಮರದ ಕೆಳಗೆ ಹೋಗಿ ಕೂತರು, ಮಾಧು ಕೈಯಲ್ಲಿ ನೆಲದ ಮೇಲೆ ಗೆರೆ ಎಳೆದು ಏನೋ ಕೇಳತೊಡಗಿದ. ಅವನು ಒಮ್ಮೆಯೂ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಅಲ್ಲಿಂದ ಹೊರಟೆ.

ಶಾಲೆಗೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಪಾಠ ಶುರುವಾಗಿತ್ತು. ಇಷ್ಟು ವರ್ಷದಲ್ಲಿ ನಾನು ತಡಮಾಡಿದ್ದು ಇದೇ ಮೊದಲು. ಮುಖ್ಯೋಪಾಧ್ಯಾಯಿನಿಯವರು ನಾಲ್ಕನೆಯ ಇಯತ್ತೆಯ ಮುಂದೆಯೇ ನನ್ನನ್ನು ತಡೆದು ಕಾರಣ ಕೇಳಿದರು. ಹುಡುಗಿಯರೆಲ್ಲ ಪಾಟಿ ಕೆಳಗಿಟ್ಟು ಕಿವಿ ನಿಮಿರಿಸಿದರು.

"ನಮ್ಮ ತಮ್ಮನ್ನ ಕೋರ್ಟಿಗೆ ಬಿಟ್ಟು ಬಂದೆ," ಎಂದೆ, ಹಿಂದಿನ ಸಾಲಿಗೂ ಕೇಳುವಂತೆ.